ನ್ಯೂಜೆರ್ಸಿಯಲ್ಲಿ ನಲಾಕ್ಸೋನ್ ಮನೆಗೆ ಬರಲು ಹಿಡಿದ ಹನ್ನೊಂದು ದಿನ

ಅಫೀಮಿನ ವರ್ಗದ ಔಷಧಿ ಅತಿಯಾಗಿ ಉಸಿರು ಕುಗ್ಗಿದವರನ್ನು ಉಳಿಸುವ ನಲಾಕ್ಸೋನ್ ಎಂಬ ಔಷಧಿಯ ಹೆಸರನ್ನು ನಾನು ಮೊದಲ ಬಾರಿಗೆ ಕೇಳಿದ್ದು ನಮ್ಮದೇ ಮಲಗುವ ಕೋಣೆಯಲ್ಲಿ, ಸಮವಸ್ತ್ರ ತೊಟ್ಟ ಒಬ್ಬ ಪೊಲೀಸ್ ಅಧಿಕಾರಿಯ ಬಾಯಿಂದ. ಅದಾಗಿ ಹನ್ನೊಂದು ದಿನಗಳ ನಂತರ ಆ ಔಷಧಿಯ ಪೊಟ್ಟಣ ಒಂದು ಡಾಲರನ್ನೂ ಕೊಡದೆ, ಹೆಸರನ್ನೂ ಹೇಳದೆ ನಮ್ಮ ಕೈಸೇರಿತು. ನಡುವೆ ನಾನು ಮೂರು ಔಷಧಿ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದೆ, ವಿಮಾ ಕಂಪನಿಯವರೊಡನೆ ಫೋನಿನಲ್ಲಿ ಒಟ್ಟು ಎರಡು ಗಂಟೆಗೂ ಹೆಚ್ಚು ಕಾಲ ಕಳೆದೆ, ಒಮ್ಮೆಯಂತೂ ಪರಿಚಿತರ ಮುಖ ಕಂಡು ಬರಿಗೈಯಲ್ಲಿ ಹಿಂದಿರುಗಿದೆ. ಕಾನೂನು ಎಲ್ಲಿಯೂ ನಮಗೆ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಕೌಂಟರಿನ ಆಚೆಗಿದ್ದವರ ಅರೆಬರೆ ತಿಳಿವಳಿಕೆ ಮತ್ತು ಈಚೆಗಿದ್ದ ನಮ್ಮ ಮುಚ್ಚುಮರೆ. ಇದೇ ದಾರಿಯಲ್ಲಿ ಹೋಗಬೇಕಾದವರಿಗೆ ಹನ್ನೊಂದು ದಿನ ಹಿಡಿಯಬಾರದೆಂದು ಎಲ್ಲವನ್ನೂ ನಡೆದಂತೆಯೇ ಬರೆಯುತ್ತಿದ್ದೇನೆ.

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಸೊಂಟದ ನೋವು ಹಳೆಯದು. ಕಳೆದ ಫೆಬ್ರವರಿಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆಯಾಯಿತು. ಆರೈಕೆಗೆಂದು ಸಾಗರದಿಂದ ಅತ್ತೆ ಬಂದಿದ್ದರು. ಬುಧವಾರ ಮನೆಗೆ ಕಳುಹಿಸುವಾಗ ಆಸ್ಪತ್ರೆಯವರು ಆಕ್ಸಿಕೋಡೋನ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರು. ಇದು ಓಪಿಯಾಯ್ಡ್, ಅಂದರೆ ಅಫೀಮಿನ ವರ್ಗಕ್ಕೆ ಸೇರಿದ ಔಷಧಿ. ನ್ಯೂಜೆರ್ಸಿಯಲ್ಲಿ 2017ರಿಂದ ಜಾರಿಯಲ್ಲಿರುವ ಕಾನೂನಿನಂತೆ ಹೊಸ ನೋವಿಗೆ ಮೊದಲ ಸಲ ಓಪಿಯಾಯ್ಡ್ ಬರೆಯುವ ವೈದ್ಯರು ಐದು ದಿನಕ್ಕಿಂತ ಹೆಚ್ಚಿನದನ್ನು ಬರೆಯುವಂತಿಲ್ಲ. ಮುಂದೆ ಬೇಕಾದರೆ ಮತ್ತೆ ವಿಚಾರಿಸಿ ಹೊಸ ಚೀಟಿ ಬರೆಯಬೇಕು. ಇಂಥ ಮಾತ್ರೆಗೆ ರೀಫಿಲ್, ಅಂದರೆ ಅದೇ ಚೀಟಿಯ ಮೇಲೆ ಮತ್ತೆ ಕೊಡುವುದು, ಎಂಬುದೂ ಇಲ್ಲ. ಬರೆಯುವ ಮುನ್ನ ವೈದ್ಯರು ರಾಜ್ಯದ ಔಷಧಿ ನಿಗಾ ದಾಖಲೆಯನ್ನು ತೆರೆದು, ರೋಗಿಗೆ ಬೇರೆ ಯಾರಾದರೂ ಅಮಲು ಬರಿಸುವ ಮಾತ್ರೆ ಕೊಡುತ್ತಿದ್ದಾರೆಯೇ ಎಂದು ನೋಡುತ್ತಾರೆ. ಇಷ್ಟೆಲ್ಲ ಕಾವಲಿದ್ದ ಮೇಲೆ ಭಯವೇಕೆ ಎಂದು ನಾನೂ ನಿಶ್ಚಿಂತೆಯಿಂದಿದ್ದೆ.

ಆದರೆ ಆ ದಾಖಲೆಗೆ ಕಾಣದ ಔಷಧಾಲಯವೊಂದು ನಮ್ಮ ಅಡುಗೆಮನೆಯ ಕಪಾಟಿನಲ್ಲಿತ್ತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಅದರಲ್ಲಿ ಊರಿನಿಂದ ತಂದ ಜ್ವರದ ಮಾತ್ರೆ, ಹೊಟ್ಟೆಯುರಿಯ ಮಾತ್ರೆ, ಅಮೃತಾಂಜನ. ಇಲ್ಲಿ ನೆಲೆಸಿದ ನಮ್ಮ ಜನರ ಮನೆಗಳಲ್ಲಿ ಅಂಥ ಡಬ್ಬಿ ಇಲ್ಲದಿರುವುದೇ ಅಪರೂಪ. ಅದರ ತಳದಲ್ಲಿ ಕ್ಲೋನಾಜೆಪಾಮ್ ಎಂಬ ನಿದ್ದೆ ಬರಿಸುವ ಮಾತ್ರೆಯ ನಾಲ್ಕು ಸ್ಟ್ರಿಪ್‌ಗಳಿದ್ದವು. ಮೂರು ವರ್ಷದ ಹಿಂದೆ ಕೆಲಸ ಹೋಗುವ ಆತಂಕದಲ್ಲಿ ನಿದ್ದೆಗೆಟ್ಟಿದ್ದಾಗ ನಮ್ಮವರು ಊರಿಗೆ ಹೋಗಿ ಒಬ್ಬ ಮನೋವೈದ್ಯರನ್ನು ಕಂಡಿದ್ದರು. ಆ ಮಾತ್ರೆ ಅಂದಿನಿಂದ ಅಭ್ಯಾಸವಾಗಿತ್ತು. ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ, ಅಮೆರಿಕದ ಯಾವ ವೈದ್ಯರಿಗೂ ಗೊತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ನರ್ಸ್ ಒಂದೊಂದೇ ಕೇಳುತ್ತ ಬಂದು, ನಿದ್ದೆಗೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದಾಗ ಅವರು ಇಲ್ಲವೆಂದರು. ಪಕ್ಕದಲ್ಲಿ ಕುಳಿತಿದ್ದ ನಾನು ಸುಮ್ಮನಿದ್ದೆ. ಓಪಿಯಾಯ್ಡ್ ಜೊತೆ ಈ ವರ್ಗದ ಮಾತ್ರೆ ಸೇರಿದರೆ ಉಸಿರಾಟವೇ ಕುಗ್ಗಿ ಪ್ರಾಣಕ್ಕೆ ಕುತ್ತು ಬರಬಹುದು ಎಂಬ ಎಚ್ಚರಿಕೆಯನ್ನು ಕಪ್ಪು ಚೌಕಟ್ಟು ಹಾಕಿ ಎರಡೂ ಔಷಧಿಗಳ ಮೇಲೆ ಮುದ್ರಿಸಬೇಕೆಂದು ಇಲ್ಲಿನ ಆಹಾರ ಮತ್ತು ಔಷಧಿ ಆಡಳಿತ, ಅಂದರೆ ಎಫ್‌ಡಿಎ, 2016ರಲ್ಲಿಯೇ ಆದೇಶಿಸಿದೆ. ಆಕ್ಸಿಕೋಡೋನ್ ಜೊತೆ ಕೊಟ್ಟ ಕಾಗದದಲ್ಲಿಯೂ ಅದಿತ್ತು. ನಾನು ಆ ಕಾಗದವನ್ನು ಓದಿದ್ದು ಮರುದಿನ, ಆಸ್ಪತ್ರೆಯ ಕುರ್ಚಿಯಲ್ಲಿ.

ಶುಕ್ರವಾರ ರಾತ್ರಿ ನೋವು ಹೆಚ್ಚಾಗಿ ಅವರು ಮಾತ್ರೆಯನ್ನು ಹೊತ್ತಿಗೆ ಮೊದಲೇ ನುಂಗಿದ್ದರು. ಹತ್ತು ಗಂಟೆಗೆ ಕ್ಲೋನಾಜೆಪಾಮ್ ಕೂಡ. ಹನ್ನೊಂದೂವರೆಯ ಹೊತ್ತಿಗೆ ದೊಡ್ಡ ಗೊರಕೆ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಪಾಪ, ಮೂರು ದಿನದ ಮೇಲೆ ಕಣ್ಣು ಮುಚ್ಚಿದಾನೆ, ಎಬ್ಬಿಸಬೇಡ ಮಾರಾಯ್ತಿ" ಎಂದರು. ಇದನ್ನು ಓದುವವರು ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ: ಅದು ಗೊರಕೆಯಾಗಿರಲಿಲ್ಲ. ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎನ್ನುತ್ತಿತ್ತು, ಒಂದು ಸದ್ದಿಗೂ ಮತ್ತೊಂದಕ್ಕೂ ನಡುವೆ ಎದೆ ಏಳದೆ ಬಹಳ ಹೊತ್ತು ನಿಂತುಬಿಡುತ್ತಿತ್ತು. ದೀಪ ಹಾಕಿ ನೋಡಿದರೆ ತುಟಿ ಬಣ್ಣಗೆಟ್ಟಿತ್ತು. ಹೆಸರು ಹಿಡಿದು ಕೂಗಿದೆ, ಭುಜ ಅಲುಗಿಸಿದೆ, ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿ ಉಜ್ಜಿದೆ, ಕಣ್ಣು ತೆರೆಯಲಿಲ್ಲ. ರೆಪ್ಪೆ ಎತ್ತಿದಾಗ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗಿತ್ತು.

ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದೆ. ಆ ಕಡೆಯ ಹೆಂಗಸು ಉಸಿರು ಎಣಿಸಲು ಹೇಳಿದರು. ಅರ್ಧ ನಿಮಿಷದಲ್ಲಿ ಮೂರು. ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ ಹಿಡಿಯಿರಿ ಎಂದರು. ಹೊಲಿಗೆ ಹಾಕಿದ ಬೆನ್ನು ಎಂದು ನಾನು ಹೆದರಿ ತಡವರಿಸಿದಾಗ, ಮೊದಲು ಉಸಿರು, ಬೆನ್ನು ಆಮೇಲೆ ಎಂದು ಗದರಿದರು. ಮನೆಯಲ್ಲಿ ನಾರ್ಕಾನ್ ಇದೆಯೇ ಎಂದೂ ಕೇಳಿದರು. ನಲಾಕ್ಸೋನ್‌ನ ಬಹುಪರಿಚಿತ ವ್ಯಾಪಾರನಾಮ ಅದು ಎಂದು ನನಗೆ ಆಗ ತಿಳಿದಿರಲಿಲ್ಲ. ಯಾವುದೋ ಯಂತ್ರವೆಂದು ಭಾವಿಸಿ ಇಲ್ಲವೆಂದೆ. ಆಂಬುಲೆನ್ಸ್‌ಗಿಂತ ಮೊದಲು ಬಂದದ್ದು ಪೊಲೀಸ್ ಕಾರು. ಮಗನನ್ನು ಹಿಡಿದೊಯ್ಯಲು ಬಂದರೆಂದು ಅತ್ತೆ ದೇವರ ಮುಂದೆ ಕುಸಿದು ಕುಳಿತರು. ಆ ಅಧಿಕಾರಿ ಮಾತ್ರೆಯ ಶೀಶೆ ನೋಡಿ, "ನಲಾಕ್ಸೋನ್ ಕೊಡುತ್ತಿದ್ದೇನೆ" ಎಂದು ಹೇಳಿ, ಜೇಬಿನಿಂದ ಪುಟ್ಟ ಬಿಳಿಯ ಸಾಧನವೊಂದನ್ನು ತೆಗೆದು ಮೂಗಿನ ಹೊಳ್ಳೆಗೆ ಇಟ್ಟು ಒತ್ತಿದರು. ಎರಡು ಮೂರು ನಿಮಿಷದಲ್ಲಿ ನಮ್ಮವರು ನೀರಿನಿಂದ ಮೇಲೆದ್ದವರಂತೆ ದೀರ್ಘವಾಗಿ ಉಸಿರೆಳೆದರು, ವಾಂತಿ ಮಾಡಿಕೊಂಡರು, ನಡುಗುತ್ತ ಎಲ್ಲರ ಮೇಲೂ ರೇಗಿದರು. ಅಷ್ಟು ರೇಗಿದ್ದನ್ನು ನೋಡಿ ನಾನು ಎಂದೂ ಅಷ್ಟು ಸಂತೋಷಪಟ್ಟಿಲ್ಲ.

ಆಸ್ಪತ್ರೆಯಲ್ಲಿ ಮರುದಿನ ಮಧ್ಯಾಹ್ನದವರೆಗೆ ಇರಿಸಿಕೊಂಡರು. ಏಕೆಂದರೆ ನಲಾಕ್ಸೋನ್‌ನ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ. ಆ ಬಳಿಕವೂ ದೇಹದಲ್ಲಿ ಓಪಿಯಾಯ್ಡ್ ಉಳಿದಿದ್ದರೆ ಉಸಿರು ಮತ್ತೆ ಕುಗ್ಗಬಹುದು. ಎಚ್ಚರವಾದರೆಂದು ಆಂಬುಲೆನ್ಸ್ ಹಿಂದಕ್ಕೆ ಕಳುಹಿಸುವವರಿದ್ದಾರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿನ ವೈದ್ಯೆ ಬಿಡಿಸಿ ಹೇಳಿದ ಇನ್ನೊಂದು ಮಾತು: ಈ ಔಷಧಿ ಓಪಿಯಾಯ್ಡ್ ಅನ್ನು ಮಾತ್ರ ಅದರ ಜಾಗದಿಂದ ಹೊರಗೆ ತಳ್ಳುತ್ತದೆ. ಕ್ಲೋನಾಜೆಪಾಮ್‌ಗೆ, ಮದ್ಯಕ್ಕೆ ಅದು ಏನೂ ಮಾಡದು. ಆದರೆ ಓಪಿಯಾಯ್ಡ್ ಸೇವಿಸದವರಿಗೆ ತಪ್ಪಿ ಕೊಟ್ಟರೂ ಹಾನಿಯಿಲ್ಲ. ಆದ್ದರಿಂದ ಅನುಮಾನವಿದ್ದಾಗ ಕೊಡುವುದೇ ಸರಿ. ಡಬ್ಬಿಯ ತಳದ ರಹಸ್ಯವನ್ನು ಆಕೆಗೆ ಹೇಳಿದವಳು ನಾನೇ. ನಮ್ಮವರು ಗೋಡೆಯ ಕಡೆ ಮುಖ ಮಾಡಿದ್ದರು. ಆಕೆ ಬೈಯಲಿಲ್ಲ. ಆಕ್ಸಿಕೋಡೋನ್ ಪ್ರಮಾಣವನ್ನು ಅರ್ಧಕ್ಕಿಳಿಸಿ, ಕ್ಲೋನಾಜೆಪಾಮ್ ಅನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯವಾದ್ದರಿಂದ ಅದನ್ನು ಇಳಿಸುವ ಕ್ರಮವನ್ನು ನಿಮ್ಮ ಕುಟುಂಬ ವೈದ್ಯರಲ್ಲಿ ಬರೆಸಿಕೊಳ್ಳಿ ಎಂದು ಹೇಳಿ, ನಲಾಕ್ಸೋನ್ ಸ್ಪ್ರೇಗೆ ಪ್ರಿಸ್ಕ್ರಿಪ್ಷನ್ ಅನ್ನು ನಮ್ಮ ಎಂದಿನ ಫಾರ್ಮಸಿಗೆ ಕಂಪ್ಯೂಟರಿನಲ್ಲಿಯೇ ಕಳುಹಿಸಿದರು. ತುರ್ತು ವಿಭಾಗದ ಭೇಟಿಗೆ ನಮ್ಮ ವಿಮೆಯಲ್ಲಿ 250 ಡಾಲರ್ ನಾವೇ ಕೊಡಬೇಕು, ಅದನ್ನು ಕೊಟ್ಟೆವು. ಆಂಬುಲೆನ್ಸ್ ಬಿಲ್ಲು ಇನ್ನೂ ವಿಮೆಯವರ ಮೇಜಿನಿಂದ ನಮ್ಮ ಅಂಚೆಪೆಟ್ಟಿಗೆಗೆ, ಅಲ್ಲಿಂದ ಮತ್ತೆ ಅವರ ಮೇಜಿಗೆ ಓಡಾಡುತ್ತಿದೆ.

ಭಾನುವಾರ ಫಾರ್ಮಸಿಗೆ ಹೋದೆ. ಇನ್ನೂ ಸಿದ್ಧವಾಗಿಲ್ಲ ಎಂದರು. ಸೋಮವಾರ ಹೋದಾಗ, ವಿಮೆ ತಿರಸ್ಕರಿಸಿದೆ ಎಂದರು. ಕಾರಣ ಕೇಳಿದರೆ ಕಣ್ಣು ಅರಳಿಸುವಂಥದ್ದು: ಈ ಔಷಧಿ ಈಗ ಚೀಟಿಯಿಲ್ಲದೆ ಸಿಗುವುದರಿಂದ ಚೀಟಿಯ ಮೇಲೆ ಕೊಡಲಾಗದು. 4 ಮಿ.ಗ್ರಾಂ. ನಾರ್ಕಾನ್ ಸ್ಪ್ರೇಯನ್ನು ಎಫ್‌ಡಿಎ 2023ರ ಮಾರ್ಚ್‌ನಲ್ಲಿ ಚೀಟಿಯಿಲ್ಲದ ಮಾರಾಟಕ್ಕೆ ಬಿಟ್ಟಿತು, ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಅಂಗಡಿಯ ಕಪಾಟುಗಳಿಗೆ ಬಂದಿತು. ಜನರಿಗೆ ಸುಲಭವಾಗಲೆಂದು ಮಾಡಿದ ಈ ಬದಲಾವಣೆಯೇ ನನ್ನ ಪಾಲಿಗೆ ತೊಡಕಾಯಿತು. ವಿಮಾ ಕಂಪನಿಗೆ ಕರೆ ಮಾಡಿ ಐವತ್ತು ನಿಮಿಷ ಕಾದ ಮೇಲೆ ಬಂದ ಉತ್ತರ: ಚೀಟಿ ಬರೆದ ವೈದ್ಯರು ಪೂರ್ವಾನುಮತಿಯ ಅರ್ಜಿ ಕಳುಹಿಸಬೇಕು. ತುರ್ತು ವಿಭಾಗದ ವೈದ್ಯೆಯನ್ನು ಮತ್ತೆ ಹಿಡಿಯುವುದು ಹರಿದ ನೀರನ್ನು ಹಿಡಿದಂತೆ. ಮಂಗಳವಾರವಿಡೀ ಫೋನಿನಲ್ಲಿಯೇ ಕಳೆಯಿತು. ಹೀಗೆ ವಿಮೆ ತಿರಸ್ಕರಿಸಿದಾಗ ಫಾರ್ಮಸಿಯವರನ್ನು ಕೇಳಬೇಕಾದ ಪ್ರಶ್ನೆ, ಚೀಟಿಯ ಮೇಲೆ ಕೊಡುವ ಜೆನೆರಿಕ್ ನಲಾಕ್ಸೋನ್ ಸ್ಪ್ರೇ ನಿಮ್ಮಲ್ಲಿದೆಯೇ, ಅದಕ್ಕೆ ವಿಮೆ ನಡೆಯುತ್ತದೆಯೇ ಎಂಬುದು. ನಾನು ಅದನ್ನು ಕೇಳಲಿಲ್ಲ, ಅವರಾಗಿಯೂ ಹೇಳಲಿಲ್ಲ.

ಈ ರಾತ್ರಿಗಳಲ್ಲಿ ಮನೆಯ ಸ್ಥಿತಿಯನ್ನು ಹೇಳಬೇಕು. ಆಕ್ಸಿಕೋಡೋನ್ ಶೀಶೆಯನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹೊತ್ತಿಗೊಂದನ್ನು ಎಣಿಸಿ ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ರಾತ್ರಿ ಎರಡರವರೆಗೆ ನಾನು, ಆಮೇಲೆ ಅತ್ತೆ ಅವರ ಹಾಸಿಗೆಯ ಬಳಿ ಕುಳಿತು ಉಸಿರು ಎಣಿಸುತ್ತಿದ್ದೆವು. ಎಪ್ಪತ್ತೆರಡು ವರ್ಷದ ಅತ್ತೆ ಜಪಮಣಿ ಹಿಡಿದು, ಒಂದು ಉಸಿರಿಗೆ ಒಂದು ಮಣಿ ಸರಿಸುತ್ತಿದ್ದುದನ್ನು ಒಂದು ಮುಂಜಾವಿನಲ್ಲಿ ಕಂಡೆ.

ಬುಧವಾರ, ಹಣ ಹೋದರೆ ಹೋಗಲಿ ಎಂದು ದೊಡ್ಡ ಸರಣಿ ಅಂಗಡಿಯೊಂದಕ್ಕೆ ಹೋದೆ. ಎರಡು ಸ್ಪ್ರೇಗಳಿರುವ ನಾರ್ಕಾನ್ ಪೊಟ್ಟಣಕ್ಕೆ 2023ರಲ್ಲಿ ಅಂಗಡಿಗೆ ಬಂದಾಗ ತಯಾರಕರು ಸೂಚಿಸಿದ ಬೆಲೆ 44.99 ಡಾಲರ್ ಆಗಿತ್ತು. ಆರೋಗ್ಯ ವೆಚ್ಚಕ್ಕೆಂದು ಸಂಬಳದಿಂದ ಕೂಡಿಡುವ ಎಫ್‌ಎಸ್‌ಎ ಅಥವಾ ಎಚ್‌ಎಸ್‌ಎ ಖಾತೆಯಿದ್ದರೆ ಅದರಿಂದಲೂ ಕೊಡಬಹುದು. ಪೊಟ್ಟಣ ಗಾಜಿನ ಪೆಟ್ಟಿಗೆಯೊಳಗೆ ಬೀಗದಲ್ಲಿತ್ತು. ಗುಂಡಿ ಒತ್ತಿದೆ, ಇಡೀ ಅಂಗಡಿಗೆ ಕೇಳುವಂತೆ ಧ್ವನಿವರ್ಧಕ ಇಂಥ ಸಾಲಿನಲ್ಲಿ ಸಹಾಯ ಬೇಕಾಗಿದೆ ಎಂದು ಸಾರಿತು. ಹತ್ತು ನಿಮಿಷ ನಿಂತೆ. ಬೀಗದ ಕೈ ಹಿಡಿದ ಹುಡುಗ ಬರುವಷ್ಟರಲ್ಲಿ ಅದೇ ಸಾಲಿನ ತುದಿಯಲ್ಲಿ ನಮ್ಮ ಪರಿಚಯದ ದಂಪತಿ ಕಾಣಿಸಿದರು. ಯುಗಾದಿಯ ಊಟದಲ್ಲಿ ಪ್ರತಿವರ್ಷ ಎದುರುಬದುರು ಕೂರುವವರು. "ಏನು ತೆಗೆದುಕೊಳ್ಳಲು ಬಂದ್ರಿ?" ಎಂದರು. ಹಲ್ಲುಜ್ಜುವ ಪೇಸ್ಟ್ ಎಂದೆ. ಪೇಸ್ಟ್ ಕೊಂಡುಕೊಂಡೇ ಮನೆಗೆ ಬಂದೆ. ಆ ಅಂಗಡಿಯ ಮೇಲೆ ನನ್ನ ದೂರೇನೂ ಇಲ್ಲ. ಆ ದಿನದ ತಪ್ಪು ನನ್ನದು. ಐದು ದಿನದ ಹಿಂದೆ ಗಂಡನ ತುಟಿಯ ಬಣ್ಣ ನೋಡಿದ್ದವಳಿಗೂ ಜನ ಏನೆಂದುಕೊಂಡಾರು ಎಂಬ ಅಂಜಿಕೆ ಬಿಟ್ಟಿರಲಿಲ್ಲ.

ಗುರುವಾರ ಕುಟುಂಬ ವೈದ್ಯರ ಬಳಿ ಹೋದೆವು. ಕ್ಲೋನಾಜೆಪಾಮ್ ಅನ್ನು ವಾರಗಳ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಇಳಿಸುವ ಪಟ್ಟಿ ಬರೆದುಕೊಟ್ಟರು. ಪೂರ್ವಾನುಮತಿಯ ವಿಷಯ ಎತ್ತಿದಾಗ ಅವರು ನಕ್ಕು, ನಮ್ಮ ರಾಜ್ಯದಲ್ಲಿ ಈ ಔಷಧಿಗಾಗಿ ಯಾರೂ ಇಷ್ಟು ಅಲೆಯಬೇಕಾದ್ದೇ ಇಲ್ಲ ಎಂದರು. ನ್ಯೂಜೆರ್ಸಿಯಲ್ಲಿ 2023ರ ಜನವರಿಯಿಂದ ನಲಾಕ್ಸೋನ್365 ಎಂಬ ಕಾರ್ಯಕ್ರಮವಿದೆ. ಅದರಲ್ಲಿ ಸೇರಿರುವ ಯಾವುದೇ ಫಾರ್ಮಸಿಗೆ ಹೋಗಿ ಹದಿನಾಲ್ಕು ವರ್ಷ ತುಂಬಿದ ಯಾರೇ ಕೇಳಿದರೂ ನಲಾಕ್ಸೋನ್ ಸ್ಪ್ರೇ ಕೊಡುತ್ತಾರೆ. ಚೀಟಿ ಬೇಡ, ವಿಮೆ ಬೇಡ, ಹಣ ಬೇಡ, ಹೆಸರೂ ಬೇಡ. ಸೇರಿರುವ ಅಂಗಡಿಗಳ ಪಟ್ಟಿ ರಾಜ್ಯ ಸರ್ಕಾರದ ಜಾಲತಾಣದಲ್ಲಿದೆ.

ಹೆಸರು ಬೇಡ ಎಂಬ ಮಾತಿಗೆ ನನ್ನ ಕಿವಿ ನೆಟ್ಟಗಾಗಲು ಇನ್ನೊಂದು ಕಾರಣವಿತ್ತು. ನಾವು ಆ ತಿಂಗಳು ಜೀವ ವಿಮೆಗೆ ಅರ್ಜಿ ಹಾಕಿದ್ದೆವು. ಬಾಸ್ಟನ್ನಿನ ನರ್ಸ್ ಒಬ್ಬರು ಇತರರ ನೆರವಿಗೆಂದು ನಲಾಕ್ಸೋನ್ ಇಟ್ಟುಕೊಂಡಿದ್ದರು. ಅವರ ಹೆಸರಿನಲ್ಲಿ ಆ ಚೀಟಿ ಇದ್ದುದನ್ನು ಕಂಡ ಕಂಪನಿ ಜೀವ ವಿಮೆ ನಿರಾಕರಿಸಿದ್ದು 2018ರ ಕೊನೆಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ದೇಶದ ಅಂದಿನ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತನಾಡುವ ಮುಖ್ಯ ವೈದ್ಯ, ಜೆರೋಮ್ ಆಡಮ್ಸ್ ಅವರು, ಓಪಿಯಾಯ್ಡ್ ಸೇವಿಸುವವರಷ್ಟೇ ಅಲ್ಲ, ಅವರ ಮನೆಯವರೂ ಸ್ನೇಹಿತರೂ ಈ ಔಷಧಿಯನ್ನು ಹತ್ತಿರವಿಟ್ಟುಕೊಳ್ಳಬೇಕೆಂದು ಸಾರ್ವಜನಿಕವಾಗಿ ಸಲಹೆ ನೀಡಿದ್ದರು. ಒಂದು ಕೈ ಇಟ್ಟುಕೊಳ್ಳಿ ಎನ್ನುವಾಗ ಇನ್ನೊಂದು ಕೈ ಇಟ್ಟುಕೊಂಡದ್ದಕ್ಕೆ ದಂಡಿಸಿದ್ದನ್ನು ಓದಿದ ಮೇಲೆ ಅಂಜದಿರುವುದು ಹೇಗೆ? ನಮ್ಮ ಸಂಗತಿಯಲ್ಲಿ ತುರ್ತು ವಿಭಾಗದ ದಾಖಲೆ ಹೇಗೂ ಇದ್ದೇ ಇತ್ತು, ಆದ್ದರಿಂದ ವಿಮಾ ಏಜೆಂಟರಿಗೆ ನಡೆದದ್ದನ್ನು ನಾವೇ ಬರೆದು ತಿಳಿಸಿದೆವು. ಆದರೆ ಮನೆಯಲ್ಲೊಂದು ಇರಲಿ ಎಂದು ಮುನ್ನೆಚ್ಚರಿಕೆಗಾಗಿ ತರುವವರಿಗೆ ಹೆಸರಿಲ್ಲದ ದಾರಿಯೇ ನಿರಾತಂಕದ್ದು.

ಶುಕ್ರವಾರ, ಪಟ್ಟಿಯಲ್ಲಿದ್ದ ಹತ್ತಿರದ ಫಾರ್ಮಸಿಗೆ ಹೋದೆ. ಕೌಂಟರಿನಲ್ಲಿದ್ದವರು ಹೆಸರು, ಹುಟ್ಟಿದ ದಿನಾಂಕ, ವಿಮೆಯ ಕಾರ್ಡು ಕೇಳಿದರು. ಇದು ಹೆಸರಿಲ್ಲದೆ ಕೊಡುವುದಲ್ಲವೇ ಎಂದೆ. ಅದು ವಿಮೆ ಇಲ್ಲದವರಿಗೆ ಮಾತ್ರ ಎಂದರು. ನನಗೆ ಅಷ್ಟು ಖಚಿತವಾಗಿ ತಿಳಿದಿರಲಿಲ್ಲ. ತಿಳಿದಿದ್ದರೂ ಹಿಂದೆ ಐದು ಜನ ನಿಂತಿರುವಾಗ ವಾದಿಸುವ ಗಟ್ಟಿತನ ಇರಲಿಲ್ಲ. ವಾಪಸು ಬಂದೆ. ಅಂಥ ನಿಯಮ ಈ ಕಾರ್ಯಕ್ರಮದಲ್ಲಿ ಇಲ್ಲ. ನಿಮಗೂ ಹೀಗೆ ಹೇಳಿದರೆ ಕೌಂಟರಿನ ಸಹಾಯಕರನ್ನು ಬಿಟ್ಟು ಫಾರ್ಮಸಿಸ್ಟ್ ಅವರನ್ನೇ ಕರೆಯಲು ಕೇಳಿ, ಕಾರ್ಯಕ್ರಮದ ಹೆಸರನ್ನು ಸ್ಪಷ್ಟವಾಗಿ ಹೇಳಿ. ಹೊರಡುವ ಮೊದಲು ಫೋನು ಮಾಡಿ ದಾಸ್ತಾನು ಇದೆಯೇ ಎಂದು ಕೇಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಶನಿವಾರ ಹಿಮ ಬಿದ್ದು ದಾರಿ ಮುಚ್ಚಿತು. ಆ ಬಿಡುವಿನಲ್ಲಿ ಹತ್ತನೆಯ ತರಗತಿಯ ಮಗಳ ಮುಂದೆ ಎಲ್ಲವನ್ನೂ ಹೇಳಿದೆವು. ಅಲ್ಲಿಯವರೆಗೆ ಅಪ್ಪನಿಗೆ ಮಾತ್ರೆ ಒಗ್ಗಲಿಲ್ಲ ಎಂದಷ್ಟೇ ಹೇಳಿದ್ದೆವು. ಅವಳು ಶಾಂತವಾಗಿ, "ಅಮ್ಮಾ, ನಾರ್ಕಾನ್ ನಮ್ಮ ಸ್ಕೂಲ್ ನರ್ಸ್ ಹತ್ತಿರ ಇದೆ. ನಮಗೆಲ್ಲ ತೋರಿಸಿದಾರೆ" ಎಂದಳು. ನ್ಯೂಜೆರ್ಸಿಯ ಪ್ರೌಢಶಾಲೆಗಳು ಈ ಔಷಧಿಯನ್ನು ಇಟ್ಟುಕೊಂಡಿರಲೇಬೇಕೆಂದು 2018ರಲ್ಲಿ ಮಾಡಿದ ಕಾನೂನಿದೆ ಎಂಬುದು ಆಗ ತಿಳಿಯಿತು. ನಾವು ಇಷ್ಟು ದಿನ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದುದನ್ನು ಅವಳು ಅಗ್ನಿಶಾಮಕದ ಕವಾಯತಿನಷ್ಟೇ ಸಹಜವಾಗಿ ಕಲಿತಿದ್ದಳು.

ಹನ್ನೊಂದನೆಯ ದಿನ, ಮಂಗಳವಾರ, ಅವಳೇ ಪಟ್ಟಿ ಹುಡುಕಿ, ಫೋನು ಮಾಡಿ, ಶಾಲೆ ಬಿಟ್ಟ ಮೇಲೆ ನನ್ನನ್ನು ಎಡಿಸನ್‌ನ ಓಕ್ ಟ್ರೀ ರಸ್ತೆಯ ಕಡೆ ಕರೆದೊಯ್ದಳು. ತರಕಾರಿ, ಸೀರೆ, ಚಿನ್ನದ ಅಂಗಡಿಗಳ ಆ ಬೀದಿಯಲ್ಲಿ ಪರಿಚಿತರು ಸಿಗದಿರುವ ಸಂಭವವೇ ಇಲ್ಲ. ಪಕ್ಕದಲ್ಲೊಂದು ಚಿಕ್ಕ ಸ್ವತಂತ್ರ ಫಾರ್ಮಸಿ, ಅದನ್ನು ನಡೆಸುವವರು ಒಬ್ಬ ಗುಜರಾತಿ ಮಹಿಳೆ. ಕೇಳಿದ್ದು ನಾನಲ್ಲ, ಮಗಳು. ಆಕೆ ಒಂದು ಪ್ರಶ್ನೆಯನ್ನೂ ಕೇಳದೆ ಒಳಗಿನಿಂದ ಪೊಟ್ಟಣ ತಂದು, ಬಳಸುವ ವಿಧಾನವನ್ನು ಎರಡು ನಿಮಿಷದಲ್ಲಿ ತೋರಿಸಿ, ಕೊಟ್ಟುಬಿಟ್ಟರು. ಸಹಿ ಇಲ್ಲ, ರಸೀದಿ ಇಲ್ಲ. ಕಾರಿನಲ್ಲಿ ಕುಳಿತ ಮೇಲೆ ನನಗೆ ಅಳು ಬಂತು.

ಆಕೆ ತೋರಿಸಿದ್ದನ್ನು ಬರೆಯುತ್ತೇನೆ. ವ್ಯಕ್ತಿಯನ್ನು ಅಂಗಾತ ಮಲಗಿಸಿ, ಕತ್ತಿನ ಕೆಳಗೆ ಕೈಕೊಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಹೊದಿಕೆ ಸುಲಿದು, ಸ್ಪ್ರೇಯ ತುದಿಯನ್ನು ಒಂದು ಹೊಳ್ಳೆಯೊಳಗೆ ನಮ್ಮ ಬೆರಳುಗಳು ಮೂಗಿಗೆ ತಾಗುವವರೆಗೆ ಇಟ್ಟು, ಕೆಳಗಿನ ಗುಂಡಿಯನ್ನು ಪೂರ್ತಿ ಒತ್ತಬೇಕು. ಪ್ರತಿ ಸಾಧನದಲ್ಲಿ ಒಂದೇ ಡೋಸ್ ಇರುವುದರಿಂದ ಕೆಲಸ ಮಾಡುತ್ತದೆಯೇ ಎಂದು ಮೊದಲು ಗಾಳಿಯಲ್ಲಿ ಒತ್ತಿ ನೋಡಿದರೆ ಔಷಧಿ ಅಲ್ಲಿಗೇ ಮುಗಿಯಿತು. ಕೂಡಲೇ 911ಕ್ಕೆ ಕರೆ ಮಾಡಿ, ವ್ಯಕ್ತಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ವಾಂತಿಯಾದರೆ ಉಸಿರಿಗೆ ಸಿಕ್ಕಿಕೊಳ್ಳದು. ಎರಡು ಮೂರು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಎರಡನೆಯ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ ಕೊಡಬೇಕು. ಪೊಟ್ಟಣವನ್ನು ಕೋಣೆಯ ಸಾಮಾನ್ಯ ತಾಪದಲ್ಲಿಡಬೇಕೇ ಹೊರತು ಬೇಸಿಗೆಯ ಕಾರಿನಲ್ಲಲ್ಲ, ಹಿಮಗಾಲದ ಗ್ಯಾರೇಜಿನಲ್ಲೂ ಅಲ್ಲ.

ಮನೆಗೆ ಬಂದು ಅತ್ತೆಗೆ ವಿವರಿಸಿದಾಗ, "ಹಾಗಾದ್ರೆ ಇದು ನಸ್ಯ" ಎಂದರು. ಆಯುರ್ವೇದದಲ್ಲಿ ಮೂಗಿನಿಂದ ಕೊಡುವ ಔಷಧಿಗೆ ಇರುವ ಹೆಸರು ಅದೇ. ಅಲ್ಲಿಂದ ನಮ್ಮ ಮನೆಯಲ್ಲಿ ಅದಕ್ಕೆ ನಸ್ಯವೆಂದೇ ಹೆಸರು. ತಲೆದಿಂಬನ್ನು ಮೂಗೆಂದು ಭಾವಿಸಿಕೊಂಡು ಖಾಲಿ ಪೇನಾ ಹಿಡಿದು ಅವರು ಮೂರು ಸಲ ಅಭ್ಯಾಸ ಮಾಡಿದರು. ಇಂಗ್ಲಿಷ್ ಬಾರದ ಅವರಿಗಾಗಿ ಮನೆಯ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇವೆ. ಪೊಲೀಸರು ಹಿಡಿಯುವುದಿಲ್ಲವೇ ಎಂಬ ಅವರ ಪ್ರಶ್ನೆ ಮಾತ್ರ ಉಳಿದಿತ್ತು. 2013ರ ಓವರ್‌ಡೋಸ್ ತಡೆ ಕಾಯಿದೆಯ ಪ್ರಕಾರ ಈ ರಾಜ್ಯದಲ್ಲಿ ಒಳ್ಳೆಯ ಉದ್ದೇಶದಿಂದ ಈ ಔಷಧಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡಲಾಗದು. ಓವರ್‌ಡೋಸ್ ಆದವರಿಗಾಗಿ 911ಕ್ಕೆ ಕರೆ ಮಾಡಿದವರಿಗೂ ಆ ರೋಗಿಗೂ ಮಾದಕವಸ್ತು ಇಟ್ಟುಕೊಂಡದ್ದಕ್ಕಾಗಿ ಅಥವಾ ಸೇವಿಸಿದ್ದಕ್ಕಾಗಿ ಬಂಧನದಿಂದ ರಕ್ಷಣೆಯಿದೆ. ನಮ್ಮದಂತೂ ವೈದ್ಯರೇ ಬರೆದ ಮಾತ್ರೆ. ಆದರೆ ವೀಸಾದ ಮೇಲಿರುವವರು ಒಂದು ವಿಷಯ ತಿಳಿದಿರಬೇಕು: ಇದು ರಾಜ್ಯದ ಕಾನೂನು, ವಲಸೆ ಕಾನೂನು ಕೇಂದ್ರದ್ದು. ಅಂಥ ಆತಂಕವಿದ್ದವರು ಮೊದಲು ಜೀವ ಉಳಿಸಿ, ಬಳಿಕ ವಲಸೆ ವಕೀಲರನ್ನು ಕೇಳಿ.

ಬೇರೆ ಕಡೆ ಇರುವವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರವೇ ಕ್ಯಾಲ್‌ಆರ್‌ಎಕ್ಸ್ ಹೆಸರಿನಲ್ಲಿ ಎರಡು ಸ್ಪ್ರೇಗಳ ಪೊಟ್ಟಣವನ್ನು 24 ಡಾಲರಿಗೆ ದೊರಕಿಸಿದೆ. ಕೆನಡಾದ ಒಂಟಾರಿಯೋ ಪ್ರಾಂತದ ಅನೇಕ ಫಾರ್ಮಸಿಗಳಲ್ಲಿ, ಆಸ್ಟ್ರೇಲಿಯಾದಲ್ಲಿ 2022ರ ಜುಲೈನಿಂದ ಯೋಜನೆಯಲ್ಲಿ ಸೇರಿರುವ ಫಾರ್ಮಸಿಗಳಲ್ಲಿ, ಇದು ಚೀಟಿಯಿಲ್ಲದೆ ಉಚಿತ. ಭಾರತದಲ್ಲಿ ನಲಾಕ್ಸೋನ್ ಚುಚ್ಚುಮದ್ದು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೆ ಅದನ್ನು ಕೊಡುವುದು ಆಸ್ಪತ್ರೆಯಲ್ಲಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವ ಹಿರಿಯರು ಊರಿನಲ್ಲಿದ್ದರೆ, ಪ್ರಮಾಣ ಮತ್ತು ಅಪಾಯದ ಲಕ್ಷಣಗಳ ಬಗ್ಗೆ ಅವರ ವೈದ್ಯರನ್ನೇ ಕೇಳಿಟ್ಟುಕೊಳ್ಳಬೇಕು. ನೋವಿಗೆ ಮಾತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮವರು ಎದ್ದು ನಡೆದಾಡಲು ಆ ಮಾತ್ರೆಯೇ ಆಸರೆಯಾಯಿತು.

ಹಿಮದ ಬಿಡುವಿನಲ್ಲಿ ಓದಿದ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. ನಲಾಕ್ಸೋನ್ ಅನ್ನು 1961ರಲ್ಲಿ ರೂಪಿಸಿದವರಲ್ಲಿ ಒಬ್ಬರು ಜಾಕ್ ಫಿಶ್‌ಮನ್. ಎಫ್‌ಡಿಎ ಅದಕ್ಕೆ 1971ರಲ್ಲಿಯೇ ಒಪ್ಪಿಗೆ ಕೊಟ್ಟಿತ್ತು. 2003ರಲ್ಲಿ ಅವರ ಮಲಮಗನೇ ಹೆರಾಯಿನ್ ಅತಿಪ್ರಮಾಣದಿಂದ ತೀರಿಹೋದ.

ಆಕ್ಸಿಕೋಡೋನ್ ಅನ್ನು ನಮ್ಮವರು ಮೂರನೆಯ ವಾರದಲ್ಲಿ ನಿಲ್ಲಿಸಿದರು. ಉಳಿದ ಒಂಬತ್ತು ಮಾತ್ರೆಗಳನ್ನು ಪೊಲೀಸ್ ಠಾಣೆಯಲ್ಲಿ ಇದಕ್ಕೆಂದೇ ಇಟ್ಟಿರುವ ಪೆಟ್ಟಿಗೆಗೆ ಹಾಕಿ ಬಂದೆ. ಅಲ್ಲಿಯೂ ಯಾರೂ ಹೆಸರು ಕೇಳಲಿಲ್ಲ. ಆರನೆಯ ವಾರ ಶಸ್ತ್ರಚಿಕಿತ್ಸಕರ ಬಳಿ ಮರುತಪಾಸಣೆಗೆ ಹೋದಾಗ ಅದೇ ನರ್ಸ್, ಅದೇ ಪಟ್ಟಿ, ಅದೇ ಪ್ರಶ್ನೆ: ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ? ನಮ್ಮವರು ಅಂಗಿಯ ಜೇಬಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಭಾರತದ ಬ್ರ್ಯಾಂಡ್ ಹೆಸರು ಆಕೆಯ ಕಂಪ್ಯೂಟರಿನಲ್ಲಿ ಸಿಗಲಿಲ್ಲ. ನಾನು ಸ್ಟ್ರಿಪ್ ತಿರುಗಿಸಿ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಮೂಲ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿದೆ, ಆಕೆ ಬರೆದುಕೊಂಡರು.